ಕೌದಿ ಹಾಸಲೊಂದು ನೆಲ

ಕಳಕಮ್ಮನ ಮನೆಯ ಮುಂದಿನ ಕಟ್ಟೆಯನ್ನು ಜೆಸಿಬಿ ಒಡೆದ ದಿನ ನಮ್ಮೂರಿನಲ್ಲಿ ಒಬ್ಬರೂ ಮುಖ ಸಪ್ಪಗೆ ಮಾಡಿಕೊಳ್ಳಲಿಲ್ಲ. ಸಿಮೆಂಟ್ ರಸ್ತೆ ಬರುವುದಿತ್ತು. ರಸ್ತೆ ಬಂದರೆ ಊರು ಮುಂದಕ್ಕೆ ಹೋಗುತ್ತದೆ ಎಂದು ನಮಗೆಲ್ಲ ಗಟ್ಟಿ ನಂಬಿಕೆ. ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕಟ್ಟೆಯ ಕಲ್ಲುಗಳನ್ನು ಟ್ರ್ಯಾಕ್ಟರ್ ಹೊತ್ತುಕೊಂಡು ಹೋದ ಮೇಲೆ ಕಳಕಮ್ಮ ಹೊಸ್ತಿಲ ಮೇಲೆ ನಿಂತು ಬೀದಿಯನ್ನು ನೋಡಿದಳು. ಆಮೇಲೆ ತಿರುಗಿ ತನ್ನ ಒಂದಂಕಣದ ಮನೆಯನ್ನು ನೋಡಿದಳು. ಕೊನೆಗೆ ಮೂಲೆಯಲ್ಲಿ ಕೂತಿದ್ದ ದೊಡ್ಡ ಗಂಟನ್ನು ನೋಡಿದಳು. ಗಂಟು ಮನೆಯ ಕಾಲುಭಾಗದಷ್ಟಿತ್ತು. ಅದನ್ನು ಬಿಚ್ಚಿದರೆ ಕಳಕಮ್ಮ ಹೊರಗೆ ನಿಲ್ಲಬೇಕು, ಅಷ್ಟೇ.

ಕಳಕಮ್ಮ ಹಳೆಯ ಬಟ್ಟೆಗಳನ್ನು ಪದರು ಪದರಾಗಿ ಜೋಡಿಸಿ ಕೌದಿ ಹೊಲಿಯುವವಳು, ಇಷ್ಟು ದಿನ ಹಾಸುತ್ತಿದ್ದದ್ದು ಆ ಕಟ್ಟೆಯ ಮೇಲೆ. ಹುಲಿಹೈದರದಿಂದ ಅಳವಂಡಿ ಕಡೆಯ ನಮ್ಮೂರಿಗೆ ಮದುವೆಯಾಗಿ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲಿಕ್ಕೂ ಬರುತ್ತಿರಲಿಲ್ಲವಂತೆ. ಅತ್ತೆ ಕಲಿಸಿದಳು. ಗಂಡ ದ್ಯಾವಪ್ಪ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ತಿರುಗುತ್ತಾನೆ. ಅವನಲ್ಲಿರುವ ಮಾತನ್ನೆಲ್ಲ ಕುರಿಗಳೇ ಕೇಳಿ ಮುಗಿಸಿರುವುದರಿಂದ ಮನೆಗೆ ಬಂದಾಗ ಅವನ ಬಳಿ ‘ಹೂಂ’ ಒಂದೇ ಉಳಿದಿರುತ್ತದೆ. ಮನೆ ನಡೆಸಿದ್ದು, ಮಗಳು ಶ್ವೇತಾಳನ್ನು ಓದಿಸಿ ಕುಷ್ಟಗಿಗೆ ಮದುವೆ ಮಾಡಿ ಕೊಟ್ಟಿದ್ದು ಎಲ್ಲ ಕೌದಿಯಿಂದಲೇ. ತೊಟ್ಟಿಲಿನ ಕೌದಿ, ಬೀಗರಿಗೆ ಕೊಡುವ ಕೌದಿ, ಕುರಿ ಕಾಯುವವರು ಹೊಲದಲ್ಲಿ ಹೊದೆಯುವ ಕೌದಿ, ಹೀಗೆ ಸುತ್ತಲಿನ ಊರುಗಳಲ್ಲಿ ಅವಳ ಹೊಲಿಗೆಯ ಕೆಳಗೆ ಮಲಗದವರು ಕಡಿಮೆ. ಒಪ್ಪಿಕೊಂಡ ಗಂಟನ್ನು ವಾಪಸು ಕಳಿಸಿದವಳಲ್ಲ ಎಂಬುದು ಅವಳಿಗಿದ್ದ ಒಂದೇ ಒಂದು ಜಂಬ. ನಮ್ಮೂರಿನ ಉಳಿದವರ ಜಂಬಗಳಿಗೆ ಹೋಲಿಸಿದರೆ ಅದಕ್ಕೊಂದಿಷ್ಟು ಆಧಾರವೂ ಇತ್ತು.

ಆ ಗಂಟು ಬಂದದ್ದು ಯಲಬುರ್ಗಾದಿಂದ. ಅಲ್ಲಿನ ಮೂವರು ಅಣ್ಣತಮ್ಮಂದಿರು ಹೊಲ, ಮನೆ, ಎತ್ತು, ಬಾವಿಯ ನೀರು ಎಲ್ಲವನ್ನೂ ಪಾಲು ಮಾಡಿಕೊಂಡಿದ್ದರು. ತೀರಿಕೊಂಡ ತಾಯಿಯ ಸೀರೆಗಳನ್ನು ಮಾತ್ರ ಪಾಲು ಮಾಡಲು ಮನಸ್ಸು ಬರಲಿಲ್ಲ. ಎಲ್ಲವನ್ನೂ ಸೇರಿಸಿ ಒಂದೇ ಕೌದಿ ಮಾಡಿಸೋಣ, ವರ್ಷದ ಕಾರ್ಯದ ದಿನ ಮೂರೂ ಮನೆಯವರು ಅದರ ಮೇಲೆ ಒಟ್ಟಿಗೆ ಕೂರೋಣ ಎಂದು ನಿಶ್ಚಯಿಸಿದರು. ಕಾರ್ಯ ಮುಗಿದ ಮೇಲೆ ಕೌದಿ ಯಾರ ಮನೆಯಲ್ಲಿರಬೇಕು ಎಂಬ ಜಗಳವನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದರು. ಮೂರು ಮನೆ ಕೂರುವ ಕೌದಿ ಎಂದರೆ ಜಮಖಾನೆಯಷ್ಟು ದೊಡ್ಡದು. ಅಂಥದ್ದನ್ನು ಮಡಚಿಟ್ಟುಕೊಂಡು ಹೊಲಿಯಲು ಬರುವುದಿಲ್ಲ. ಪೂರ್ತಿ ಹಾಸಬೇಕು, ಒಳಪದರುಗಳನ್ನು ಸುಕ್ಕಿಲ್ಲದಂತೆ ಎಳೆಯಬೇಕು, ಮೇಲೆ ಕೂತು ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಅರ್ಧದಲ್ಲಿ ಎತ್ತಿದರೆ ಒಳಗಿನ ಪದರು ಜರುಗಿ ಮುದ್ದೆಯಾಗುತ್ತದೆ. ಅದಕ್ಕೇ ಕಳಕಮ್ಮನಿಗೆ ಈಗ ಬೇಕಾಗಿದ್ದದ್ದು ಒಂದೇ: ನೆರಳಿರುವ, ಸಪಾಟಾದ, ತಿಂಗಳುಗಟ್ಟಲೆ ಯಾರೂ ಏಳು ಎನ್ನದ ನೆಲ. ಅದು ಸಿಗದಿದ್ದರೆ ಗಂಟು ಯಲಬುರ್ಗಾಕ್ಕೆ ವಾಪಸು, ಕಳಕಮ್ಮ ಹತ್ತಿ ಬಿಡಿಸಲು ಹೊಲಕ್ಕೆ.

ಮೊದಲು ಗುಡಿಯ ಪ್ರಾಕಾರದಲ್ಲಿ ಜಾಗ ಕೇಳಲು ಅಲ್ಲಿನ ಹಿರಿಯರ ಬಳಿ ಹೋದಳು.

“ಪೌಳ್ಯಾಗ ಹಾಸ್ಕೊಳ್ಳಾಕ ನಮ್ದೇನೂ ಅಡ್ಡಿ ಇಲ್ಲವಾ,” ಎಂದರು ಹಿರಿಯರು. “ಬಟ್ಟಿ ಯಾರ್ವು?”

“ಯಲಬುರ್ಗಿ ಮುದುಕೀವ್ರಿ. ಹ್ವಾದ ವರ್ಷ ತೀರ್ಕೊಂಡಾಳ.”

“ಸತ್ತೋರ ಬಟ್ಟಿ! ದೇವ್ರ ಮುಂದ!”

“ಬದುಕಿದ್ದಾಗ ಆಕಿ ಇವನ್ನ ಉಟ್ಕೊಂಡ ಗುಡಿಗೆ ಹೋಗ್ತಿದ್ಲಲ್ರಿ?”

“ಆಗಿನ ಮಾತು ಬ್ಯಾರೆ. ಈಗ ಆಕಿ ಇಲ್ಲ, ಬರೇ ಬಟ್ಟಿ ಐತಿ,” ಎಂದು ಹಿರಿಯರು ಶಾಸ್ತ್ರ ಮುಗಿಸಿದರು.

ಸಮುದಾಯ ಭವನಕ್ಕೆ ಹೋದಳು. ಅಲ್ಲಿ ಸಮುದಾಯ ಇರಲಿಲ್ಲ, ಮೆಕ್ಕೆಜೋಳದ ಚೀಲಗಳಿದ್ದವು. ಅವು ಪಂಚಾಯ್ತಿಗೆ ಬೇಕಾದವರೊಬ್ಬರ ಚೀಲಗಳಾದ್ದರಿಂದ ಅವುಗಳನ್ನು ಏಳಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಸಾಲೆಗೆ ಹೋದರೆ ಹೆಡ್‌ಮಾಸ್ತರರು “ಮ್ಯಾಲಿನವರನ್ನ ಕೇಳ್ಬೇಕವಾ” ಎಂದು ಬೆರಳು ಮೇಲೆತ್ತಿದರು. ಮೇಲೆ ತಿರುಗದ ಫ್ಯಾನು ಇತ್ತು.

ಹೀಗೆ ಮೂರು ಕಡೆಯಿಂದ ಬರಿಗೈಯಲ್ಲಿ ತಿರುಗಿದ ದಿನ ಅವಳಿಗೆ ಪಾದ್ರಿ ಗುಡಿ ಕಣ್ಣಿಗೆ ಬಿತ್ತು. ಅಂದರೆ ದಿನವೂ ಬೀಳುತ್ತಿತ್ತು. ನಮ್ಮೂರಿನ ಪಡುವಣಕ್ಕೆ, ಹೊಲಗಳು ಶುರುವಾಗುವಲ್ಲಿ, ಕಮಾನಿನ ಕಿಟಕಿಗಳ ಆ ಕರಿಕಲ್ಲಿನ ಕಟ್ಟಡವನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ನಿಜಾಮರ ಕಾಲದಲ್ಲಿ ಯಾವುದೋ ಬರ ಬಿದ್ದಾಗ ಯಾವುದೋ ದೇಶದ ಪಾದ್ರಿ ಬಂದು, ಹಸಿದವರಿಗೆ ಕಲ್ಲು ಹೊರುವ ಕೆಲಸ ಕೊಟ್ಟು ಕಟ್ಟಿಸಿದ್ದು ಎಂದು ಹೇಳುತ್ತಾರೆ. ಊರಿನಲ್ಲಿದ್ದ ನಾಲ್ಕಾರು ಕ್ರಿಶ್ಚಿಯನ್ ಮನೆಗಳು ಕಾಲುವೆಯ ನೀರಿನ ಹಿಂದೆ ಗಂಗಾವತಿ ಕಡೆ ಹೋದ ಮೇಲೆ ಬಾಗಿಲಿಗೆ ಬೀಗ ಬಿತ್ತು. ಒಮ್ಮೆ ಯಾರೋ ಹಿಂದಿನ ಗೋಡೆ ಬಿದ್ದ ಕಡೆಯಿಂದ ಒಳಗೆ ಹೊಟ್ಟು ಒಟ್ಟಿದ್ದರು. ಮಳೆಗೆ ಹೊಟ್ಟು ಕೊಳೆತು ಹೋಯಿತು. ಪಾದ್ರಿಯ ಶಾಪ ಎಂದು ಊರು ತೀರ್ಮಾನಿಸಿತು. ಅಲ್ಲಿ ಮೇಲೆ ಹಂಚು ಇಲ್ಲದಿರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಂದಿನಿಂದ ಒಳಗೆ ಹೋಗುವುದು ಕುರಿ ಮತ್ತು ಬಾವಲಿ ಮಾತ್ರ. ಶಾಪದ ಸುದ್ದಿ ಅವುಗಳಿಗೆ ಮುಟ್ಟಿರಲಿಲ್ಲ.

ಕಳಕಮ್ಮ ಪಕ್ಕದ ಮನೆಯ ಮೈಮುನಬಿಯನ್ನು ಕರೆದುಕೊಂಡು ಹೋದಳು. ಕೌದಿ ದೊಡ್ಡದಿದ್ದಾಗ ಎರಡನೆಯ ಸೂಜಿ ಮೈಮುನಬಿಯದು. ಇಬ್ಬರೂ ಕಲ್ಲಿನ ಮೇಲೆ ಕಲ್ಲಿಟ್ಟು ಹತ್ತಿ ಕಿಟಕಿಯಿಂದ ಇಣುಕಿದರು.

“ನೆಲ ನೋಡು ಮೈಮೂನಾ,” ಎಂದಳು ಕಳಕಮ್ಮ. ಬೇರೆಯವರಾಗಿದ್ದರೆ ಮೊದಲು ಕಮಾನು ನೋಡುತ್ತಿದ್ದರು, ಇಲ್ಲವೇ ಹಾವು ಹುಡುಕುತ್ತಿದ್ದರು.

“ಕಲ್ಲಿನ ನೆಲ. ಉದ್ದಕ್ಕ ಅಡ್ಡಕ್ಕ ಬೇಕಾದಂಗ ಐತಿ. ಮುಂದಿನ ಅರ್ಧಕ್ಕ ಹಂಚೂ ಅದಾವ. ಬಾ ಅಕ್ಕಾ, ಹಿಂದ ಗೋಡಿ ಬಿದ್ದೈತಿ, ಅಲ್ಲಿಂದ ಹೊಕ್ಕು ನೋಡೂಣು.”

“ಕುರಿ ಹೋಗೂ ದಾರ್ಯಾಗ ನಾ ಹೋಗಂಗಿಲ್ಲ.”

“ನಿನ್ ಗಂಡ ಹುಟ್ಟಿದಾಗಿಂದ ಅದ ದಾರ್ಯಾಗ ಹೊಂಟಾನ.”

“ಮನ್ಯಾಗ ಒಬ್ರರ ಬಾಗಲದಾಗ ಹೋಗ್ಲಿ. ತಿಳಕೋ, ಕದ್ದು ಹೊಕ್ಕರ ನಾಳೆ ಯಾರರ ಬಂದು ‘ಏಳ್’ ಅಂತಾರ. ಅರ್ಧಕ್ಕ ಎಬ್ಬಿಸಿದ್ದು ಕೌದಿ ಆಗಂಗಿಲ್ಲ. ಕೇಳಿ ಹೊಕ್ಕರ ಎಬ್ಬಸೋರು ಯಾರು? ಕೀಲಿ ಯಾರ ಹತ್ರ ಐತಿ ಅದನ್ನ ಹೇಳು.”

ಕೀಲಿ ಗಂಗಾವತಿಯ ಯೋಹಾನಪ್ಪನ ಬಳಿ ಇತ್ತು. ನಮ್ಮೂರಿನಿಂದ ಹೋದ ಕ್ರಿಶ್ಚಿಯನ್ ಮನೆತನದವನು, ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಮರುದಿನವೇ ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೊರಟರು. ಅಲ್ಲಿ ಗೋವಿಂದರಾಜ ಎದುರಾದ.

ಗೋವಿಂದರಾಜ ಪಂಚಾಯ್ತಿಯ ಮಾಜಿ ಸದಸ್ಯ. ಸದಸ್ಯತ್ವ ಹೋದ ಮೇಲೆ ಸುಮ್ಮನೆ ಇರಲಾಗದೆ ‘ಪುರಾತನ ಸ್ಮಾರಕ ಶೋಧನಾ ಸಮಿತಿ’ ಕಟ್ಟಿ ಅದಕ್ಕೆ ಅಧ್ಯಕ್ಷನಾಗಿದ್ದ. ಸಮಿತಿಗೆ ಲೆಟರ್‌ಹೆಡ್ ಇತ್ತು, ರಬ್ಬರ್ ಸ್ಟ್ಯಾಂಪ್ ಇತ್ತು, ಸದಸ್ಯರೊಬ್ಬರು ಸಿಕ್ಕಿದ್ದರೆ ಎಲ್ಲ ಪೂರ್ತಿಯಾಗುತ್ತಿತ್ತು. ಸುತ್ತಲಿನ ಯಾವ ಹಳೆಯ ಕಲ್ಲನ್ನು ತೋರಿಸಿದರೂ ಅದು ಆನೆಗೊಂದಿಯ ಅರಸರದು ಎಂದು ಅವನು ಹೇಳಬಲ್ಲವನಾಗಿದ್ದ. ಕಿಲೋಮೀಟರ್ ಕಲ್ಲು ಕೂಡ ಒಂದು ಸಲ ಅರಸರದಾಗಿಹೋಗಿತ್ತು.

“ಏ ಕಳಕಮ್ಮ, ಪಾದ್ರಿ ಗುಡಿ ಕೀಲಿ ತರಾಕ ಹೊಂಟೀಯಂತ? ಅದು ಬರೇ ಪಾದ್ರಿ ಗುಡಿ ಅಲ್ಲ ಮತ್ತ. ಅದರ ಬುಡಕ ಸುರಂಗ ಐತಿ. ಸೀದಾ ಆನೆಗೊಂದಿಗೆ ಹೋಗಿ ಏಳತೈತಿ.”

“ಬಸ್ಸಿಗಿಂತ ಲಗೂನ ಮುಟ್ಟತೈತೇನ್ರಿ?” ಎಂದಳು ಮೈಮುನಬಿ. “ಹಂಗಿದ್ರ ಗಂಗಾವತಿಗೂ ಅದರಾಗ ಹೋಕ್ಕೀವಿ.”

“ನಗ್ರಿ, ನಗ್ರಿ. ಇತಿಹಾಸ ಗೊತ್ತಿಲ್ಲದ ಮಂದಿ. ನಾನಿಲ್ಲದ ಬಾಗಲಾ ತಗೀಬ್ಯಾಡ್ರಿ, ಹೇಳಿರ್ತೀನಿ.”

ಯೋಹಾನಪ್ಪನ ಮನೆ ಗಂಗಾವತಿಯ ಕಾಲುವೆಯ ದಂಡೆಯ ಓಣಿಯಲ್ಲಿ. “ಒಳಗ ಬರ್ರಿ, ಬಾಗಲದಾಗ ನಿಂದ್ರಬ್ಯಾಡ್ರಿ, ಹಿಂದ ಜಾಗ ಐತಿ,” ಎಂದು ಕರೆದ. ನೌಕರಿ ಬಿಟ್ಟು ವರ್ಷಗಳಾಗಿದ್ದರೂ ಬಂದವರು ಅವನಿಗೆ ಇನ್ನೂ ಪ್ರಯಾಣಿಕರಂತೆಯೇ ಕಾಣುತ್ತಿದ್ದರು. ಕಳಕಮ್ಮ ಚಹಾ ಮುಟ್ಟುವ ಮೊದಲೇ ಬಂದ ಕೆಲಸ ಹೇಳಿದಳು. ಅವನು ತನ್ನ ಚಹಾದ ಲೋಟ ಕೆಳಗಿಟ್ಟ.

“ನೋಡವಾ, ಸಿಟ್ಟಾಗಬ್ಯಾಡ. ನಾ ಭಾಳ ಊರು ತಿರುಗೀನಿ. ಮೊದ್ಲ ಹೊಲಿಗಿ ಅಂತ ಹೊಕ್ಕೀರಿ. ಆಮ್ಯಾಲ ಮೂಲ್ಯಾಗ ಒಂದು ಫೋಟೋ ಇಡ್ತೀರಿ. ಅದರ ಮ್ಯಾಲ ಗಂಟಿ ಕಟ್ತೀರಿ. ಆಮ್ಯಾಲ ನಮ್ಮನ್ನ ಯಾರ್ ನೀವು ಅಂತ ಕೇಳ್ತೀರಿ.”

“ಗಂಟಿ ಕಟ್ಟೋರಾಗಿದ್ರ ನಮಗ ಊರಾಗ ಜಾಗ ಸಿಗ್ತಿತ್ರಿ ಅಣ್ಣಾರ,” ಎಂದಳು ಕಳಕಮ್ಮ. “ಹರಕ ಬಟ್ಟಿ ಅಂತ ಯಾವ ದೇವ್ರೂ ಒಳಗ ಬಿಡವಲ್ಲ. ಸತ್ತೋರ ಸೀರಿ ಬ್ಯಾರೆ. ಮುಚ್ಚಿಟ್ಟು ಕೇಳಂಗಿಲ್ಲ ನಾನು. ನಿಮ್ಮ ದೇವ್ರು ಏನಂತಾನ ಕೇಳಿ ಹೇಳ್ರಿ, ಅದಕ್ಕ ಇಲ್ಲೀತನಾ ಬಂದೀನಿ.”

ಈ ಪ್ರಶ್ನೆಗೆ ಟಿಕೆಟ್ ಹರಿಯುವ ಕೆಲಸವನ್ನು ಯೋಹಾನಪ್ಪ ಮೇಲಿನವರಿಗೆ ಬಿಟ್ಟ. ಎದ್ದು ಹೋಗಿ ಮೊಳೆಗೆ ನೇತು ಹಾಕಿದ್ದ ಕೀಲಿಯನ್ನು ತಂದ. ಗೇಣುದ್ದದ ಕಬ್ಬಿಣದ ಕೀಲಿ.

“ಹೇಳಾಕ ನಾ ಯಾರವಾ? ನಮ್ಮ ಚರ್ಚಿನ ಅಯ್ಯನವರು ಹೇಳ್ಬೇಕು, ಸಭಾದ ಹಿರೇರು ಹೇಳ್ಬೇಕು. ನೋಡಾಕ ಕೊಡ್ತೀನಿ, ಹೊಲ್ಯಾಕಲ್ಲ. ಕಸಾ ಹೊಡದು ಇಡು. ಬರೂ ತಿಂಗಳ ಮೊದಲನೇ ಐತವಾರ ಅಯ್ಯನವರನ್ನ ಕರಕೊಂಡು ಬರ್ತೀನಿ. ಅವರು ಹೂಂ ಅಂದ್ರ ಹೂಂ. ಉಹೂಂ ಅಂದ್ರ ಕೀಲಿ ಕೈಯಾಗಿಟ್ಟು ಸುಮ್ನ ಹೋಗ್ಬೇಕು.”

“ಹೂಂ,” ಎಂದಳು ಕಳಕಮ್ಮ. ಗಂಡನಿಂದ ಕಲಿತಿದ್ದ ಒಂದೇ ಮಾತು ಅದು.

ಬಾಗಿಲು ತೆಗೆಯುವ ದಿನ ನಾವೆಲ್ಲ ಬೇರೆ ಕೆಲಸವಿದ್ದವರಂತೆ ನಟಿಸುತ್ತ ಪಾದ್ರಿ ಗುಡಿಯ ಕಡೆಗೇ ಹೋದೆವು. ಕಳಕಮ್ಮ ಕಸಬರಿಗೆ, ಪುಟ್ಟಿ, ಸಲಿಕೆ ತಂದಿದ್ದಳು. ಗೋವಿಂದರಾಜ ಟೋಪಿ, ಟಾರ್ಚು, ಪೀಪಿ ಮತ್ತು ಒಂದು ಫ್ಲೆಕ್ಸ್ ತಂದಿದ್ದ. ಫ್ಲೆಕ್ಸಿನಲ್ಲಿ ‘ಮಹಾ ಶೋಧನಾ ಯಾತ್ರೆ’ ಎಂದು ಬರೆದು, ಕೆಳಗೆ ಚರ್ಚಿನ ಚಿತ್ರ, ಮೇಲೆ ಅದರ ಎರಡರಷ್ಟು ದೊಡ್ಡ ಅವನ ಚಿತ್ರ ಹಾಕಿಸಿದ್ದ. ಯಾತ್ರೆ ನೂರು ಹೆಜ್ಜೆಯದೂ ಅಲ್ಲ ಎಂದು ಯಾರೋ ಅಂದರು. ಮಹತ್ವ ಹೆಜ್ಜೆಯಲ್ಲಿಲ್ಲ ಎಂದು ಅವನು ಅಂದ.

ಕೀಲಿ ಬೀಗದೊಳಗೆ ಹೋಯಿತು, ತಿರುಗಲಿಲ್ಲ. ಕಳಕಮ್ಮ ಕುಸುಬಿ ಎಣ್ಣೆ ಬಿಟ್ಟಳು, ಕಾದಳು, ಅಲ್ಲಾಡಿಸಿದಳು, ಮತ್ತೆ ಬಿಟ್ಟಳು. ಬಿಸಿಲೇರಿತು. “ಏ ಬೇ, ಹಿಂದ ಗೋಡಿನ ಇಲ್ಲ, ಮುಂದ ಬೀಗದ ಕೂಡ ಏನ್ ಗುದ್ದಾಡ್ತೀ?” ಎಂದು ಜನ ರೇಗಿಸಿದರು. ಕಾದು ಬೇಸತ್ತ ಗೋವಿಂದರಾಜ ಹಿಂದಿನಿಂದ ಹೋಗಿಯೇ ಬಿಟ್ಟ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವನ ದನಿ ಬಂತು.

“ನಾ ಒಳಗ ಬಂದೆ! ಭಾಳ ಪುರಾತನ ಐತಿ! ನೀವೂ ಹಿಂದಿಂದ ಬರ್ರಿ!”

“ನೀವು ಅಲ್ಲೇ ಇರ್ರಿ ಅಧ್ಯಕ್ಷರ,” ಎಂದಳು ಕಳಕಮ್ಮ, ತಲೆ ಎತ್ತದೆ. “ನಾ ಬಾಗಲಾ ತಗದು ನಿಮ್ಮನ್ನ ಒಳಗ ಕರೀತೀನಿ.”

ಬೀಗ ಶರಣಾದಾಗ ಮಧ್ಯಾಹ್ನ ದಾಟಿತ್ತು. ಅರ್ಧ ಊರು ಊಟಕ್ಕೆ ಹೋಗಿತ್ತು. ಬಾಗಿಲು ದೊಡ್ಡದಾಗಿ ನರಳಿ ತೆರೆದುಕೊಂಡಿತು. ಕಳಕಮ್ಮ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗಾಲಿಟ್ಟು ಒಳಗೆ ಹೋದಳು.

ಒಳಗೆ ನಮಗೆ ಮೊದಲು ತಿಳಿದದ್ದು ತಂಪು, ಆಮೇಲೆ ವಾಸನೆ. ತಲೆಯ ಮೇಲೆ ಬಾವಲಿಗಳು ಒಮ್ಮೆ ಎದ್ದು ಸುತ್ತಿ ಮತ್ತೆ ತೊಲೆಗೆ ಜೋತುಬಿದ್ದವು. ಕಿಟಕಿಗಳಿಂದ ಬಿದ್ದ ಬಿಸಿಲು ನೆಲದ ಮೇಲೆ ಕಮಾನು ಕಮಾನಾಗಿ ಮಲಗಿತ್ತು. ಬೆಂಚುಗಳಿರಲಿಲ್ಲ. ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅವುಗಳಲ್ಲೊಂದರ ಮೇಲೆ ಕೂತು ನಾವು ದಿನಾ ಚಹಾ ಕುಡಿಯುತ್ತೇವೆ. ಗೋಡೆಯ ಸುಣ್ಣದ ಮೇಲೆ ಬರೆದಿದ್ದ ನೀಲಿ ಅಕ್ಷರಗಳ ಸಾಲು ಅರ್ಧ ಉದುರಿತ್ತು. ಮುಂದಿನ ಅರ್ಧದಲ್ಲಿ, ಹಂಚಿನ ನೆರಳಿರುವ ಕಡೆ, ಹಾಸುಗಲ್ಲುಗಳನ್ನು ಕಿತ್ತು ಯಾರೋ ಗುಂಡಿ ತೋಡಿದ್ದರು. ಹಳೆಯ ಕಟ್ಟಡವೆಂದರೆ ಕೆಳಗೆ ಹೊನ್ನಿದೆ ಎಂದು ಅಗೆಯುವವರಿಗೆ ನಮ್ಮ ಕಡೆ ಬರವಿಲ್ಲ.

“ಸುರಂಗದ ಬಾಯಿ!” ಎಂದ ಗೋವಿಂದರಾಜ. ಪೀಪಿ ಊದಿದ. ಬಾವಲಿಗಳು ಮತ್ತೆ ಎದ್ದವು. ಟಾರ್ಚು ಹಿಡಿದು ಗುಂಡಿಗೆ ಇಳಿದ. ಸೊಂಟದವರೆಗೆ ಇಳಿದು ನಿಂತ. ಅಲ್ಲಿಗೆ ಗುಂಡಿ ಮುಗಿದಿತ್ತು. ಕೆಳಗೆ ಹಳದಿ ಗರಸು ಮಣ್ಣು, ಅದರ ಮೇಲೆ ಅಗೆದವರು ಬಿಸಾಕಿದ್ದ ಗುಟ್ಕಾ ಚೀಟಿ. ಅದು ಅರಸರ ಕಾಲದ್ದಲ್ಲ ಎಂದು ಅವನೂ ಒಪ್ಪಿದ.

ಇತ್ತ ಕಳಕಮ್ಮ ಗೋಡೆಯಿಂದ ಗೋಡೆಗೆ ಮೊಳ ಹಾಕುತ್ತ ಹೋಗುತ್ತಿದ್ದಳು. ಹಿಂದಿನ ಅರ್ಧ ಆಕಾಶಕ್ಕೆ ತೆರೆದಿದ್ದರಿಂದ ಉಪಯೋಗವಿಲ್ಲ. ಹಂಚಿರುವ ಭಾಗದಲ್ಲಿ ಕೌದಿ ಹಾಸಿದರೆ ಒಂದು ಮೂಲೆ ಸರಿಯಾಗಿ ಗುಂಡಿಯ ಮೇಲೆ ಬರುತ್ತಿತ್ತು.

“ಮೈಮೂನಾ, ಇದನ್ನ ಮುಚ್ಚಬೇಕು.”

“ಮುಚ್ಚೂದಾ?” ಗೋವಿಂದರಾಜ ಗುಂಡಿಯಲ್ಲೇ ನಿಂತು ಕೈ ಎತ್ತಿದ. “ಸುರಂಗ ಮುಚ್ಚಾಕ ನೀ ಯಾರು? ತಹಶೀಲ್ದಾರ್ರಿಗೆ ಬರೀತೀನಿ. ಸಮಿತಿ ಸುಮ್ನ ಕುಂದ್ರೂದಿಲ್ಲ.”

ಕಳಕಮ್ಮ ಗುಂಡಿಯ ಅಂಚಿನಲ್ಲಿ ಕೂತಳು. ಅವಳ ದನಿಯಲ್ಲಿ ನಗು ಇರಲಿಲ್ಲ. “ಹೌದ್ರಿ, ನಿಮ್ಮ ಮಾತಿನಾಗೂ ಖರೆ ಇರಬೌದು. ಒಂದು ಕೆಲಸ ಮಾಡ್ರಿ. ನೀವು ಇಲ್ಲಿಂದ ಆನೆಗೊಂದಿಗೆ ಹೋಗ್ರಿ. ಮುಟ್ಟಿದ ಕೂಡ್ಲೆ ಮೈಮೂನಾಗ ಒಂದು ಫೋನ್ ಮಾಡ್ರಿ. ಅಲ್ಲೀತನಕಾ ನಾ ಸಲಿಕಿ ಮುಟ್ಟಂಗಿಲ್ಲ.”

ಗೋವಿಂದರಾಜ ಗುಂಡಿಯ ನಾಲ್ಕೂ ಗೋಡೆಗಳ ಮೇಲೆ ಟಾರ್ಚು ಬಿಟ್ಟ. ಎಲ್ಲಾ ಕಡೆಯೂ ಮಣ್ಣು ಅವನನ್ನೇ ನೋಡಿತು. ಮೊದಲು ನಕ್ಕವರು ಯಾರು ಎಂದು ಹೇಳಲಾರೆ. ಕೊನೆಗೆ ನಿಲ್ಲಿಸಿದವಳು ಮೈಮುನಬಿ. “ಒಳಗ ರೇಂಜ್ ಸಿಗಂಗಿಲ್ಲ,” ಎಂದು ಗೊಣಗಿಕೊಂಡು ಅವನು ಮೇಲೆ ಬಂದ. ಹೋಗುವಾಗ ಫ್ಲೆಕ್ಸನ್ನು ಸುತ್ತಿಕೊಂಡು ಹೋದ.

ಮುಂದಿನ ದಿನಗಳಲ್ಲಿ ಇಬ್ಬರು ಹೆಂಗಸರು ಆ ಕಟ್ಟಡವನ್ನು ಮೂಲೆ ಮೂಲೆಯಾಗಿ ಹೊಕ್ಕು ನೋಡಿದರು. ಅವರ ಶೋಧನೆ ಕಸಬರಿಗೆಯ ಶೋಧನೆ. ಗುಂಡಿಗೆ ಮಣ್ಣು ತುಂಬಿ, ನೀರು ಹಾಕಿ, ದಿಮ್ಮಿಸಿ, ಕಿತ್ತು ಬಿದ್ದಿದ್ದ ಹಾಸುಗಲ್ಲುಗಳನ್ನು ಮತ್ತೆ ಕೂರಿಸಿದರು. ಬಾವಲಿ ಹಿಕ್ಕೆಯನ್ನು ಪುಟ್ಟಿಗಟ್ಟಲೆ ಹೊತ್ತು ಹಾಕಿದರು. ಅದು ಒಳ್ಳೆಯ ಗೊಬ್ಬರವೆಂದು ತಿಳಿದೊಡನೆ ಶಾಪಕ್ಕೆ ಹೆದರುತ್ತಿದ್ದ ಊರಿನವರು ಅದನ್ನು ಒಯ್ಯಲು ಸಾಲು ಹಿಡಿದರು. ಬಲಗಡೆಯ ಗೋಡೆಯನ್ನು ಒರೆಸುವಾಗ ಜೇಡರಬಲೆಯ ಹಿಂದೆ ಒಂದು ಕಲ್ಲಿನ ಫಲಕ ಸಿಕ್ಕಿತು. ಮೈಮುನಬಿ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಸಂತಾನಮ್ಮ, ದೇವದಾನಪ್ಪ, ಇನ್ನೂ ಹಲವರು. ಕಟ್ಟಡ ಏಳುತ್ತಿರುವಾಗ ಬೇನೆ ಬಂದು ಸತ್ತವರು. ಕಳಕಮ್ಮ ಒದ್ದೆ ಬಟ್ಟೆಯಲ್ಲಿ ಆ ಹೆಸರುಗಳನ್ನೆಲ್ಲ ಒರೆಸಿದಳು. ಮಕ್ಕಳ ಮುಖ ಒರೆಸಿದ ಹಾಗೆ, ಕಿವಿಸಂದಿಯನ್ನೂ ಬಿಡದೆ.

ನೆಲ ಒಣಗಿದ ಮೇಲೆ ಗಂಟು ಬಂತು. ಅಳತೆಗೆಂದು ಹಾಸಿದರು. ಸರಿಯಾಗಿ ಕೂತಿತು. ಯಲಬುರ್ಗಾದ ಮುದುಕಿಯ ಇಳಕಲ್ ಸೀರೆಗಳ ಕೆಂಪು, ಹಸಿರು, ಗುಳೇದಗುಡ್ಡದ ಕುಪ್ಪಸದ ಕಣಗಳ ಚೌಕುಳಿ, ಎಲ್ಲ ಸೇರಿ ಬಿಸಿಲಿನ ಕಮಾನುಗಳ ಕೆಳಗೆ ಹರಡಿಕೊಂಡವು. ಕಳಕಮ್ಮ ಸೂಜಿಗೆ ದಾರ ಏರಿಸಿದಳು.

“ಅಕ್ಕಾ,” ಎಂದಳು ಮೈಮುನಬಿ, “ನೋಡಾಕ ಅಂತ ಕೀಲಿ ಕೊಟ್ಟಾರ. ಅಯ್ಯನವರು ಇನ್ನಾ ಹೂಂ ಅಂದಿಲ್ಲ.”

“ಗೊತ್ತೈತಿ.”

“ಗೊತ್ತಿದ್ದೂ?”

“ಹಾಸಿದ್ದನ್ನ ಹಂಗ ಬಿಟ್ರ ಗಾಳಿಗೆ ಪದರು ಜರಗತೈತಿ. ಸುತ್ತ ಅಂಚು ಹಿಡದು ಇಡ್ತೀನಿ. ಉಹೂಂ ಅಂದ್ರ ನನ್ ದಾರ ನಾ ಬಿಚ್ತೀನಿ, ಬೈದ್ರ ಬೈಸ್ಕೋತೀನಿ. ಕಾರ್ಯದ ದಿನ ಮಾತ್ರ ನನಗ ಕಾಯಂಗಿಲ್ಲ.”

 ಮೈಮುನಬಿ ಎದುರಿನ ಮೂಲೆಗೆ ಹೋಗಿ ತನ್ನ ಸೂಜಿ ತೆಗೆದಳು. ಬೈಸಿಕೊಳ್ಳುವಾಗ ಜೊತೆಗೊಬ್ಬರಿದ್ದರೆ ಬೈಗುಳ ಅರ್ಧವಾಗುತ್ತದೆ ಎಂಬುದು ಅವಳ ಲೆಕ್ಕ. ಹಿಡಿದದ್ದು ಅಂಚು ಮಾತ್ರ ಎಂದು ಇಬ್ಬರೂ ಹೇಳುತ್ತಿದ್ದರು, ಆದರೆ ಅಂಚು ದಿನದಿಂದ ದಿನಕ್ಕೆ ಅಗಲವಾಗುತ್ತಾ ಹೋಯಿತು.

ಈ ಸುದ್ದಿಯನ್ನು ಗಂಗಾವತಿಗೆ ಮುಟ್ಟಿಸಿದ್ದು ಗೋವಿಂದರಾಜ. ಆನೆಗೊಂದಿಯಿಂದ ಮಾಡಬೇಕಿದ್ದ ಫೋನನ್ನು ಅವನು ತನ್ನ ಮನೆಯ ಮಾಳಿಗೆಯಿಂದ ಮಾಡಿದ. ನಿಮ್ಮ ಪವಿತ್ರ ಸ್ಥಳದಲ್ಲಿ ಸತ್ತವರ ಹರಕು ಬಟ್ಟೆ ಹಾಸಿದ್ದಾರೆ, ಸ್ಮಾರಕವನ್ನು ಸಮಿತಿಯ ವಶಕ್ಕೆ ಕೊಡುವುದೇ ಒಳಿತು ಎಂದು ಯೋಹಾನಪ್ಪನಿಗೆ ಹೇಳಿದ.

ಐತವಾರ ಬೆಳಗ್ಗೆ ಗಂಗಾವತಿಯಿಂದ ಒಂದು ಟ್ರ್ಯಾಕ್ಸ್ ಗಾಡಿಯ ತುಂಬ ಜನ ಬಂದಿಳಿದರು. ಬಿಳಿ ಅಂಗಿಯ ಅಯ್ಯನವರು ನಾವು ಎಣಿಸಿದ್ದಕ್ಕಿಂತ ಚಿಕ್ಕ ವಯಸ್ಸಿನವರು. ಜೊತೆಗೆ ಯೋಹಾನಪ್ಪ, ಸಭೆಯ ಕೆಲವು ಹಿರಿಯರು, ಅವರ ಮನೆಯವರು, ಮತ್ತು ಇಬ್ಬರು ಹಿಡಿದು ಇಳಿಸಬೇಕಾದ ಯೋಹಾನಪ್ಪನ ಚಿಕ್ಕಮ್ಮ ಸುವಾರ್ತಮ್ಮ. ನಮ್ಮೂರಿನಲ್ಲೇ ಹುಟ್ಟಿ ಬೆಳೆದವಳು. ಗೋವಿಂದರಾಜ ಆಗಲೇ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಿದ್ದ, ಕಟ್ಟಡ ತನ್ನ ಮಾವನ ಮನೆಯಿಂದ ಬಂದಿದೆಯೋ ಎಂಬಂತೆ.

ಯೋಹಾನಪ್ಪ ಒಳಗೆ ಕಾಲಿಟ್ಟವನೇ ನಿಂತುಬಿಟ್ಟ. ಗೋಡೆಯಿಂದ ಗೋಡೆಗೆ ಕೌದಿ. ಅದರ ಮೇಲೆ ಇಬ್ಬರು ಹೆಂಗಸರು, ಕೈಯಲ್ಲಿ ಸೂಜಿ.

“ನೋಡಾಕ ಅಂತ ಕೊಟ್ಟಿದ್ದೆ ಕಳಕಮ್ಮ! ಹೊಲ್ಯಾಕಲ್ಲ ಅಂತ ಎದುರಿಗೇ ಹೇಳಿದ್ದೆ!”

“ಹೇಳಿದ್ರಿ ಅಣ್ಣಾರ. ನಾ ಹೊಲಿದೀನಿ. ತಪ್ಪು ನಂದು,” ಎಂದು ಕಳಕಮ್ಮ ಎದ್ದು ನಿಂತಳು. “ಮೈಮೂನಾಗ ಏನೂ ಅನ್ನಬ್ಯಾಡ್ರಿ.”

ಅಯ್ಯನವರು ಕೈ ಹಿಂದೆ ಕಟ್ಟಿಕೊಂಡು ಸುತ್ತ ನೋಡಿದರು. “ಇವು ತೀರಿಹೋದವರ ಬಟ್ಟೆ ಅಂತ ಫೋನಿನಾಗ ಹೇಳಿದ್ರು. ಖರೇನೇನಮ್ಮಾ?”

“ಖರೇರಿ. ಯಲಬುರ್ಗಿ ಮುದುಕೀವು.”

“ಪ್ರಾರ್ಥನೆ ಮಾಡೋ ಸ್ಥಳದಾಗ ಇದು ಸರಿ ಕಾಣ್ತದೇನು?”

“ಆ ಗ್ವಾಡಿ ನೋಡ್ರಿ ಅಯ್ಯನವರ,” ಎಂದಳು ಕಳಕಮ್ಮ. “ಅಲ್ಲಿ ಕಲ್ಲಿನ್ಯಾಗ ಹೆಸರು ಕೆತ್ಯಾರ. ಎಲ್ಲಾ ಸತ್ತೋರವ. ನಿಮ್ಮೋರು ಅವರನ್ನ ಹೊರಗ ಹಾಕಿಲ್ಲ, ಒಳಗ ಇಟ್ಕೊಂಡಾರ. ಹೆಸರಿಗೆ ಜಾಗ ಐತಿ ಅಂದ್ರ ಸೀರಿಗೂ ಇರಬೌದು ಅಂತ ನಾ ತಿಳಕೊಂಡೆ. ತಪ್ಪಾಗಿದ್ರ ಹೇಳ್ರಿ, ಈಗಿಂದೀಗ ಬಿಚ್ತೀನಿ.”

ಅಯ್ಯನವರು ಫಲಕದ ಬಳಿ ಹೋದರು. ಯೋಹಾನಪ್ಪನೂ ಹೋದ. ತನ್ನ ಮುತ್ತಜ್ಜನ ಹೆಸರು ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತು, ಅಕ್ಷರ ಇಷ್ಟು ಸ್ವಚ್ಛವಾಗಿ ಓದಲು ಬರುವುದನ್ನು ಮಾತ್ರ ಅವನು ಎಂದೂ ನೋಡಿರಲಿಲ್ಲವಂತೆ. ಇಬ್ಬರೂ ಬೆನ್ನು ತಿರುಗಿಸಿ ನಿಂತೇ ಇದ್ದರು. ಕಳಕಮ್ಮ ಕೈಯಲ್ಲಿ ದಾರ ಕತ್ತರಿಸುವ ಬ್ಲೇಡು ಹಿಡಿದು ಕಾಯುತ್ತಿದ್ದಳು.

ಅಷ್ಟರಲ್ಲಿ ಸುವಾರ್ತಮ್ಮನಿಗೆ ಸಾಕಾಗಿತ್ತು. “ನಿಂತು ನಿಂತು ಮೊಣಕಾಲು ಬಿದ್ದು ಹೋದ್ವು. ಬೆಂಚು ಎಲ್ಲಿ ಹೋದ್ವೋ ಯೋಹಾನಾ?” ಎಂದಳು.

ಊರಿನವರೆಲ್ಲ ಬೇರೆ ಬೇರೆ ಕಿಟಕಿಗಳ ಕಡೆ ನೋಡಿದೆವು.

“ಇಲ್ಲೇ ಕುಂದರ್ ಬಾ ಯವ್ವಾ,” ಎಂದಳು ಮೈಮುನಬಿ.

ಮುದುಕಿ ಚಪ್ಪಲಿ ಬಿಟ್ಟು ಕೌದಿಯ ಮೇಲೆ ಮೆಲ್ಲಗೆ ಇಳಿದು ಕೂತಳು. ಅಂಗೈಯಿಂದ ಸವರಿ ನೋಡಿದಳು. “ಏ, ಭಾಳ ಛಲೋ ಐತೆಲೋ. ಸಣ್ಣಾಕಿದ್ದಾಗ ಬೆಂಚು ದೊಡ್ಡೋರಿಗೆ, ನಮಗ ಈ ಕಲ್ಲಿನ ಮ್ಯಾಲ ಕುಂತು ಕುಂತು ಕುಂಡಿ ತಣ್ಣಗಾಗ್ತಿತ್ತು. ಪಾದ್ರಿ ಉಪದೇಶದ ಪ್ರಸಂಗ ಮುಗಸ್ತಾನೇ ಇರ್ಲಿಲ್ಲ. ಬರ್ರಿ, ಕುಂದರ್ರಿ ಎಲ್ಲಾರೂ.”

ಯಾರೂ ಮುಂದೆ ಬರಲಿಲ್ಲ. ಕಳಕಮ್ಮ ಅಯ್ಯನವರ ಮುಖ ನೋಡಿದಳು, ಕೌದಿ ನೋಡಿದಳು. ಉಳಿದೆಲ್ಲ ಮರೆತು ಅವಳ ಕಣ್ಣಿಗೆ ಬಿದ್ದದ್ದು ಕಸುಬಿನ ವಿಷಯ. ಮುದುಕಿ ಕೂತ ಕಡೆ ಪದರು ಗಟ್ಟಿಯಾಗಿ ಕೂತಿತ್ತು. ಉಳಿದ ಕಡೆ ಬೆಳಗಿನ ಗಾಳಿಗೆ ಇನ್ನೂ ಉಬ್ಬುತ್ತಿತ್ತು.

“ಅಯ್ಯನವರ,” ಎಂದಳು, “ನೀವು ಬ್ಯಾಡ ಅನ್ನೋದಿದ್ರ ಆಮ್ಯಾಲ ಅನ್ರಿ. ಈಗ ಒಂದೀಟು ಆ ಮೂಲ್ಯಾಗ ಕುಂದರ್ರಿ. ಅದು ಎದ್ದೆದ್ದು ಬರಾಕತ್ತೈತಿ. ಯೋಹಾನಣ್ಣಾ, ನೀವು ಈ ಕಡಿ. ಅಧ್ಯಕ್ಷರ, ಬಾಗಲದಾಗ ಯಾಕ ನಿಂತೀರಿ? ನೀವು ಭಾರ ಇದ್ದೀರಿ, ನಡುವ ಬರ್ರಿ.”

ಅಯ್ಯನವರು ಯೋಹಾನಪ್ಪನ ಕಡೆ ನೋಡಿದರು. ಯೋಹಾನಪ್ಪ ಚಪ್ಪಲಿ ಕಳಚುತ್ತಿದ್ದ. “ಒಳಗ ಸರೀರಿ, ಮುಂದ ಜಾಗ ಐತಿ,” ಎಂದು ಹಿಂದಿನವರಿಗೆ ಹೇಳಿಯೇ ಬಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಗೋವಿಂದರಾಜ ನಡುವೆ ಕೂತ. ಭಾರ ಇದ್ದೀರಿ ಎಂಬುದನ್ನು ಅವನು ತನ್ನ ಸ್ಥಾನಕ್ಕೆ ಸಂದ ಗೌರವವೆಂದು ತೆಗೆದುಕೊಂಡ ಹಾಗಿತ್ತು. ಅಯ್ಯನವರು ತಮಗೆ ಹೇಳಿದ ಮೂಲೆಯಲ್ಲಿ ಕೂತು, ಪುಸ್ತಕ ತೆರೆದು, ಪ್ರಾರ್ಥನೆ ಶುರು ಮಾಡಿದರು. ಸುವಾರ್ತಮ್ಮ ನಡುಗುವ ದನಿಯಲ್ಲಿ ಹಾಡು ಎತ್ತಿಕೊಂಡಳು. ಕಳಕಮ್ಮ ಮತ್ತು ಮೈಮುನಬಿ ಸೂಜಿ ಕೆಳಗಿಟ್ಟು ಕೂತಿದ್ದರು. ಎರಡನೆಯ ಹಾಡಿನ ಹೊತ್ತಿಗೆ ಕಳಕಮ್ಮನ ಕೈ ತಾನಾಗಿ ಸೂಜಿ ಹುಡುಕಿಕೊಂಡಿತು. ಪದರು ಅಷ್ಟು ಗಟ್ಟಿಯಾಗಿ ಕೂತ ದಿನ ಅವಳ ಜೀವಮಾನದಲ್ಲೇ ಬಂದಿರಲಿಲ್ಲ. ಅಯ್ಯನವರು ನೋಡಿದರು, ಹಾಡಿನ ಮುಂದಿನ ಸಾಲಿಗೆ ಹೋದರು.

ಹಾಡು, ಪ್ರಸಂಗ ಎಲ್ಲ ಮುಗಿದು ಮಧ್ಯಾಹ್ನ ಏಳುವಾಗ ಅಯ್ಯನವರು ಕೌದಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು.

“ನಾವು ತಿಂಗಳಿಗೊಮ್ಮೆ ಬಂದು ಹೋಗೋಣ ಅಂತ ಹಿರಿಯರು ಅನ್ನಾಕತ್ತಾರಮ್ಮಾ. ಉಳಿದ ದಿನ ನೀವು ಹೊಲ್ಕೊಳ್ರಿ. ಮುಂದಿನ ಸಲ ನಾವು ಬರೋದ್ರಾಗ ಇದು ಮುಗಿದಿರ್ತದೇನು?”

“ಇದು ಮುಗಿದಿರ್ತೈತ್ರಿ,” ಎಂದಳು ಕಳಕಮ್ಮ. “ಇನ್ನೊಂದು ಹಾಸಿರ್ತೀನಿ.”

ಯೋಹಾನಪ್ಪನ ಹೆಗಲು ಹಿಡಿದು ಏಳುತ್ತಿದ್ದ ಸುವಾರ್ತಮ್ಮ ಅಲ್ಲೇ ತಡೆದು ನಿಂತಳು. “ಹಂಗಾದ್ರ ಅದನ್ನ ಒಂದೀಟು ದಪ್ಪ ಮಾಡವಾ,” ಎಂದಳು. “ಇವ್ರ ಪ್ರಸಂಗಾನೂ ಏನ್ ಸಣ್ಣದಿಲ್ಲ.”